ಲೈಬ್ರರಿಯನ್ ಗಂಟು ಮುಖದ ಹಿಂದೆ ಒಂದು ರಿಜಿಸ್ಟರ್ ಇದೆ

ಹೋದ ವರ್ಷ ಕ್ಲಾಸ್ ಶುರುವಾದ ಮೊದಲನೇ ವಾರ. ಫಸ್ಟ್ ಇಯರ್ ಬಿಕಾಂ ಹುಡುಗಿ ಒಬ್ಳು ನಮ್ಮ ಕಾಲೇಜ್ ಲೈಬ್ರರಿ ಬಾಗಿಲ ಹತ್ರ ನಿಂತ್ಕೊಂಡು, ಚಪ್ಪಲಿ ಬಿಡಬೇಕಾ ಹಾಕ್ಕೊಂಡೇ ಬರಬಹುದಾ ಅಂತ ಬೇರೆಯವರ ಕಾಲು ನೋಡ್ತಾ ಇದ್ಳು. ಆಮೇಲೆ ಒಳಗೆ ಬಂದು ರ‍್ಯಾಕುಗಳ ಮಧ್ಯೆ ಒಂದು 15 ನಿಮಿಷ ಓಡಾಡಿದ್ಳು, ಒಂದು ಪುಸ್ತಕಾನೂ ಮುಟ್ಲಿಲ್ಲ, ಕೊನೆಗೆ ನನ್ನ ಟೇಬಲ್ ಹತ್ರ ಬಂದು ಕೇಳಿಸೋ ಕೇಳಿಸದ ದನಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಮೇಡಂ, ಇಲ್ಲಿ ಮಾತಾಡಬಹುದಾ?"

ಅವಳು ನನ್ನನ್ನ ನೋಡಿದ್ದೇ ಅವತ್ತು ಮೊದಲ ಸಲ. ನಾನು ಬೈದಿರಲಿಲ್ಲ, ಗದರಿರಲಿಲ್ಲ. ಆದ್ರೂ ಲೈಬ್ರರಿಯನ್ ಅಂದ್ರೆ ಹೀಗೇ ಇರ್ತಾರೆ ಅನ್ನೋ ಒಂದು ಚಿತ್ರ ನನಗಿಂತ ಮುಂಚೆನೇ ಅವಳ ಮನಸ್ಸಲ್ಲಿ ಬಂದು ಕೂತಿತ್ತು. ಬೆಂಗಳೂರಲ್ಲಿ 16 ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೀನಿ, ಈ ಚಿತ್ರ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ನಿಜ, ಮತ್ತೆ ಲೈಬ್ರರಿಯನ್ ಹತ್ರ ಜನ ಸಲೀಸಾಗಿ ಬಂದು ಕೇಳೋ ಹಾಗೆ ಆಗಬೇಕು ಅಂದ್ರೆ ನಿಜವಾಗಿ ಏನು ಬದಲಾಗಬೇಕು ಅನ್ನೋದನ್ನ ಬಿಡಿಸಿ ಹೇಳಬೇಕು ಅಂತ ತುಂಬಾ ದಿನದಿಂದ ಇತ್ತು. ಸುಮ್ನೆ "ಸ್ವಲ್ಪ ನಗ್ತಾ ಇರಿ ಮೇಡಂ" ಅಂತ ಹೇಳಿದ್ರೆ ಮುಗಿಯೋ ವಿಷಯ ಇದಲ್ಲ.

ಇಂಗ್ಲಿಷ್ ಸಿನಿಮಾ, ಕಾರ್ಟೂನ್ ನೋಡಿದವರಿಗೆ ಲೈಬ್ರರಿಯನ್ ಅಂದ್ರೆ ತುರುಬು ಕಟ್ಟಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ತುಟಿ ಮೇಲೆ ಬೆರಳಿಟ್ಟು ಶ್ ಅನ್ನೋ ಹೆಂಗಸು. ಅದು ಅಮೆರಿಕದಲ್ಲಿ ಹುಟ್ಟಿದ ಚಿತ್ರ. ಪುಸ್ತಕಗಳಿಗೆ ದಶಮಾಂಶ ನಂಬರ್ ಕೊಡೋ ಪದ್ಧತಿನ 1876ರಲ್ಲಿ ತಂದ ಮೆಲ್ವಿಲ್ ಡ್ಯೂಯಿ, 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಲ್ಲಿ ಲೈಬ್ರರಿ ಸ್ಕೂಲ್ ತೆಗೆದಾಗ ಮೊದಲ ಬ್ಯಾಚಿನ 20 ಜನರಲ್ಲಿ 17 ಜನ ಹೆಂಗಸರು. ಓದಿದ ಹೆಂಗಸರಿಗೆ ಆಗ ಬೇರೆ ಕೆಲಸಗಳು ಸಿಗ್ತಾ ಇದ್ದಿದ್ದು ಕಮ್ಮಿ, ಗಂಡಸರಿಗಿಂತ ಕಮ್ಮಿ ಸಂಬಳಕ್ಕೆ ಬರ್ತಾರೆ ಅಂತ ಲೈಬ್ರರಿಗಳೂ ಅವರನ್ನ ತಗೊಂಡ್ವು. ಮದುವೆ ಆದ ಮೇಲೆ ಕೆಲಸ ಬಿಡಬೇಕು ಅನ್ನೋ ರೂಢಿ ಎಷ್ಟೋ ಕಡೆ ಇದ್ದಿದ್ರಿಂದ ಮದುವೆ ಆಗದೆ ಉಳಿದವರೇ ಅಲ್ಲೇ ವಯಸ್ಸಾದ್ರು, ಆಮೇಲೆ ಜನ ಅವರ ತುರುಬನ್ನೇ ಗೇಲಿ ಮಾಡಿದ್ರು. ದುಡಿದಿದ್ದಕ್ಕೆ ಕಮ್ಮಿ ಕೊಟ್ಟು ಮೇಲೆ ನಗಾಡಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸೋ ವಿಷಯ.

ನಮ್ಮ ಕಡೆ ಚಿತ್ರ ಬೇರೆ. ನಮ್ಮಲ್ಲಿ ಲೈಬ್ರರಿಯನ್ ಅಂದ್ರೆ ಬೀಗದ ಕೈ ಇಟ್ಕೊಂಡಿರೋರು. ನಾನು ಓದಿದ ಸ್ಕೂಲಲ್ಲಿ ಲೈಬ್ರರಿ ಅಂದ್ರೆ ಸ್ಟಾಫ್ ರೂಮ್ ಪಕ್ಕ ಇದ್ದ ಎರಡು ಗಾಜಿನ ಬೀರು, ಒಳಗಿನ ಪುಸ್ತಕಗಳ ಬೆನ್ನು ಮಾತ್ರ ಕಾಣ್ತಿತ್ತು, ಟೈಮ್ ಟೇಬಲಲ್ಲಿ ವಾರಕ್ಕೊಂದು ಲೈಬ್ರರಿ ಪೀರಿಯಡ್ ಇತ್ತು ಆದ್ರೆ ಗಣಿತದ ಪೋರ್ಷನ್ ಮುಗ್ದಿಲ್ಲ ಅಂದಾಗ ಮೊದಲು ಹೋಗ್ತಿದ್ದಿದ್ದು ಅದೇ ಪೀರಿಯಡ್. ಬೀಗದ ಕೈ ಒಬ್ಬ ಮೇಷ್ಟ್ರ ಹತ್ರ ಇರೋದು. ಕೇಳಿದ್ರೆ "ಹರಿದು ಹಾಕ್ತೀರಿ" ಅನ್ನೋರು. ಹತ್ತು ವರ್ಷ ಸ್ಕೂಲಲ್ಲಿ ಇದನ್ನೇ ನೋಡಿ ಬೆಳೆದ ಮಗು ಕಾಲೇಜಿಗೆ ಬಂದು ಮಾತಾಡಬಹುದಾ ಅಂತ ಕೇಳೋದ್ರಲ್ಲಿ ಆಶ್ಚರ್ಯ ಏನಿದೆ.

ಇನ್ನೊಂದು ಚಿತ್ರಾನೂ ಇದೆ, ಇದು ನಮ್ಮ ಮನೆ ನೆಂಟರಿಂದ ನಾನು ಕೇಳೋದು: ಆರಾಮ ಕೆಲಸ, ಫ್ಯಾನ್ ಕೆಳಗೆ ಕೂತು ಪುಸ್ತಕ ಓದ್ತಾ ಇರೋದು. ಕೆಲಸದ ಹೊತ್ತಲ್ಲಿ ನಾನು ಓದಿ ಮುಗಿಸಿದ ಪುಸ್ತಕ ಯಾವುದೂ ನೆನಪಿಲ್ಲ. ಬಂದ ಪುಸ್ತಕಕ್ಕೆ ನಂಬರ್ ಹಾಕಬೇಕು, ವಿಷಯ ನೋಡಿ ವರ್ಗ ಮಾಡಬೇಕು, ಕಂಪ್ಯೂಟರಿಗೆ ಏರಿಸಬೇಕು, ಬೆನ್ನಿಗೆ ಲೇಬಲ್ ಅಂಟಿಸಬೇಕು, ಹರಿದಿದ್ದನ್ನ ಬೈಂಡಿಂಗಿಗೆ ಕಳಿಸಬೇಕು, ಜರ್ನಲ್ ಬಿಲ್ ನೋಡಬೇಕು, ಕಾಲೇಜುಗಳ ಗುಣಮಟ್ಟ ನೋಡೋ ನ್ಯಾಕ್ ತಂಡ ಬರ್ತಾರೆ ಅಂದ್ರೆ ಐದು ವರ್ಷದ ಫೈಲು ರೆಡಿ ಮಾಡಬೇಕು. ಪಿಎಚ್‌ಡಿ ಮಾಡೋರ ಪ್ರಬಂಧದಲ್ಲಿ ಎಷ್ಟು ಕಾಪಿ ಇದೆ ಅಂತ ಸಾಫ್ಟ್‌ವೇರಲ್ಲಿ ನೋಡಿ ಕೊಡೋದೂ ಎಷ್ಟೋ ಕಡೆ ಲೈಬ್ರರಿ ಕೆಲಸನೇ, ಯುಜಿಸಿ 2018ರ ನಿಯಮದ ಪ್ರಕಾರ ಶೇಕಡಾ 10ರವರೆಗೆ ಸರಿ, ಅದರ ಮೇಲೆ ಹೋದ್ರೆ ಮೆಟ್ಟಿಲು ಮೆಟ್ಟಿಲಾಗಿ ಕ್ರಮ. ನೀವು ಕೌಂಟರಿಗೆ ಬಂದಾಗ ನಾವು ತಲೆ ಎತ್ತದೆ ಕಂಪ್ಯೂಟರ್ ನೋಡ್ತಾ ಇದ್ರೆ ಇದರಲ್ಲಿ ಯಾವುದೋ ಒಂದು ನಡೀತಾ ಇರತ್ತೆ. ಅದು ನಿಮಗೆ ಕಾಣಲ್ಲ, ನಿಮಗೆ ಕಾಣೋದು ತಲೆ ಎತ್ತದ ಮನುಷ್ಯ ಮಾತ್ರ.

ಆದ್ರೆ ಕೆಲಸ ಜಾಸ್ತಿ ಅನ್ನೋದು ಗಂಟು ಮುಖಕ್ಕೆ ಪೂರ್ತಿ ಕಾರಣ ಅಲ್ಲ. ನಿಜವಾದ ಕಾರಣ ಒಂದು ರಿಜಿಸ್ಟರ್, ಅದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ.

ಲೈಬ್ರರಿಗೆ ಬರೋ ಪ್ರತಿ ಪುಸ್ತಕಕ್ಕೂ ಒಂದು ಆಕ್ಸೆಷನ್ ನಂಬರ್ ಇರತ್ತೆ, ಅದನ್ನ ಆಕ್ಸೆಷನ್ ರಿಜಿಸ್ಟರ್ ಅನ್ನೋ ದೊಡ್ಡ ಪುಸ್ತಕದಲ್ಲಿ ಬೆಲೆ, ಬಿಲ್ ನಂಬರ್ ಸಮೇತ ಬರೆದಿರ್ತಾರೆ. ಆಡಿಟ್ ಕಣ್ಣಲ್ಲಿ ಪುಸ್ತಕ ಅಂದ್ರೆ ಕುರ್ಚಿ ಬೆಂಚಿನ ಹಾಗೆ ಒಂದು ಸ್ಟಾಕ್. ಕೆಲಸಕ್ಕೆ ಸೇರುವಾಗ ಹಿಂದಿನವರಿಂದ ಚಾರ್ಜ್ ತಗೋಬೇಕು, ಬಿಡುವಾಗ ಮುಂದಿನವರಿಗೆ ಚಾರ್ಜ್ ಕೊಡಬೇಕು, ನಡುವೆ ಸ್ಟಾಕ್ ವೆರಿಫಿಕೇಷನ್ ಆಗತ್ತೆ, ಸಿಗದ ಪುಸ್ತಕಕ್ಕೆ ಉತ್ತರ ಕೊಡೋರು ಯಾರು? ಚಾರ್ಜ್ ತಗೊಂಡವರು. ನನ್ನ ಮೊದಲ ಕೆಲಸದಲ್ಲಿ, ಅದು ಬೇರೆ ಒಂದು ಕಾಲೇಜು, ಒಂದು ವರ್ಷದ ಎಣಿಕೆಯಲ್ಲಿ 43 ಪುಸ್ತಕ ಸಿಗ್ಲಿಲ್ಲ. ಅದರಲ್ಲಿ ಎಷ್ಟು ನಾನು ಸೇರೋಕೆ ಮುಂಚೆನೇ ಹೋಗಿದ್ವೋ ದೇವರಿಗೇ ಗೊತ್ತು, ಯಾಕಂದ್ರೆ ಚಾರ್ಜ್ ತಗೊಳ್ಳುವಾಗ ಎಣಿಸೋಕೆ ಟೈಮ್ ಕೊಟ್ಟಿರಲಿಲ್ಲ, ಸೈನ್ ಹಾಕಿ ಅಂದಿದ್ರು ಹಾಕಿದ್ದೆ. ಮೂರು ತಿಂಗಳು ಸಂಬಳದಲ್ಲಿ ಹಿಡಿದ್ರು. ಆಮೇಲೆ ಒಂದು ವರ್ಷ ನಾನು ಹೇಗಿದ್ದೆ ಅಂದ್ರೆ, ಯಾರು ಒಳಗೆ ಬಂದ್ರೂ ಮೊದಲು ಅವರ ಬ್ಯಾಗ್ ನೋಡ್ತಿದ್ದೆ, ಮುಖ ನೋಡ್ತಿರಲಿಲ್ಲ. ಒಳ್ಳೊಳ್ಳೆ ಪುಸ್ತಕಗಳನ್ನ ತೆರೆದ ರ‍್ಯಾಕಿಂದ ತೆಗೆದು ಬೀರುವಿಗೆ ಹಾಕಿ ಬೀಗ ಹಾಕಿದೆ. ಆ ವರ್ಷ ಒಂದು ಪುಸ್ತಕಾನೂ ಕಳೆದುಹೋಗ್ಲಿಲ್ಲ, ಆ ಬೀರುವಿನ ಪುಸ್ತಕ ಯಾರೂ ಓದ್ಲೂ ಇಲ್ಲ.

ನನ್ನ ಸ್ವಭಾವ ಬದಲಾಗಿದ್ದಲ್ಲ ಅದು. ನನ್ನನ್ನ ಯಾವುದಕ್ಕೆ ಲೆಕ್ಕ ಕೇಳ್ತಾರೋ ಅದನ್ನ ನಾನು ಕಾಯ್ತಾ ಇದ್ದೆ. ಎಷ್ಟು ಪುಸ್ತಕ ಇವೆ ಅಂತ ಕೇಳ್ತಿದ್ರು, ಇವತ್ತು ಎಷ್ಟು ಜನ ಬೇಕಾದ್ದು ಸಿಗದೆ ವಾಪಸ್ ಹೋದ್ರು ಅಂತ ಯಾವತ್ತೂ ಯಾರೂ ಕೇಳಿರಲಿಲ್ಲ. ಮೇಲಿನವರು ಪುಸ್ತಕದ ಲೆಕ್ಕ ಕೇಳಿದ್ರೆ ಕೆಳಗೆ ಕಾವಲುಗಾರರು ಹುಟ್ತಾರೆ, ಓದುಗರ ಲೆಕ್ಕ ಕೇಳಿದ್ರೆ ಲೈಬ್ರರಿಯನ್ ಹುಟ್ತಾರೆ ಅಂತ ನನಗೆ ಅರ್ಥ ಆಗೋಕೆ ಆ 43 ಪುಸ್ತಕ ಬೇಕಾಯ್ತು.

ಇಲ್ಲಿ ಬಹಳ ಜನ ಲೈಬ್ರರಿಯನ್ನುಗಳಿಗೇ ಸರಿಯಾಗಿ ತಲುಪದ ಒಂದು ವಿಷಯ ಇದೆ. ಕೇಂದ್ರ ಸರ್ಕಾರದ 2017ರ ಜನರಲ್ ಫೈನಾನ್ಷಿಯಲ್ ರೂಲ್ಸಲ್ಲಿ 215ನೇ ನಿಯಮ ನೋಡಿ. ವರ್ಷದಲ್ಲಿ ಇಶ್ಯೂ ಮಾಡಿದ ಅಥವಾ ಓದೋಕೆ ತೆಗೆದ ಪುಸ್ತಕಗಳಲ್ಲಿ 1,000ಕ್ಕೆ 5 ಕಳೆದುಹೋದ್ರೆ ಅದು ಸಹಜವಾದ ನಷ್ಟ ಅಂತ ಒಪ್ಪಬಹುದು, ಮೋಸ ಅಥವಾ ನಿರ್ಲಕ್ಷ್ಯದಿಂದ ಆಗಿರಬಾರದು ಅಷ್ಟೆ. 1,000 ರೂಪಾಯಿಗಿಂತ ಜಾಸ್ತಿ ಬೆಲೆದು, ಅಪರೂಪದ್ದು ಹೋದ್ರೆ ಮಾತ್ರ ವಿಚಾರಣೆ ಆಗಲೇಬೇಕು. ಕೇಂದ್ರದ ಕಚೇರಿ, ಸಂಸ್ಥೆಗಳಿಗೆ ಮಾಡಿದ ನಿಯಮ ಇದು, ಆದ್ರೂ ಇದನ್ನ ಒಂದು ಮಾದರಿ ಅಂತ ಯಾವ ಮ್ಯಾನೇಜ್‌ಮೆಂಟಿಗೂ ತೋರಿಸಬಹುದು. ಈಗ ಗಮನಿಸಿ, ಲೆಕ್ಕ ಹಾಕೋದು ಬೀರುವಿನಲ್ಲಿ ಇರೋ ಪುಸ್ತಕದ ಮೇಲೆ ಅಲ್ಲ, ಓದುಗರ ಕೈಗೆ ಹೋದ ಪುಸ್ತಕದ ಮೇಲೆ. 20,000 ಸಲ ಪುಸ್ತಕ ಕೊಟ್ಟ ಲೈಬ್ರರಿಗೆ 100 ಪುಸ್ತಕದವರೆಗೆ ಮಾಫಿ, ಬೀಗ ಹಾಕಿ 200 ಸಲ ಕೊಟ್ಟವರಿಗೆ ಬರೀ 1. ಅಂದ್ರೆ ನಿಯಮ ಬರೆದವರೇ, ಪುಸ್ತಕ ಓಡಾಡಿದ್ರೆ ಒಂದಷ್ಟು ಹೋಗತ್ತೆ, ಓಡಾಡಲಿ ಬಿಡಿ ಅಂತ ಒಪ್ಪಿಕೊಂಡಿದ್ದಾರೆ! ಈ ಕೆಲಸಕ್ಕೆ ಮುಂಚೆ ಇಂಟರ್‌ವ್ಯೂನಲ್ಲಿ ನಾನು ಇದನ್ನ ಪ್ರಿಂಟ್ ತಗೊಂಡು ಹೋಗಿ ಪ್ರಿನ್ಸಿಪಾಲರ ಮುಂದೆ ಇಟ್ಟಿದ್ದೆ. ಅವರು ಓದಿ ಸರಿ ಅಂದ್ರು. ಅವತ್ತಿಂದ ನನ್ನ ಭುಜದ ಮೇಲಿನ ಭಾರ ಇಳಿದಿದ್ದು ನಿಜ, ಮುಖದ ಗಂಟೂ ಅಲ್ಲಿಂದಲೇ ಬಿಚ್ಚಿದ್ದು.

ಈ ಮಾತನ್ನ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ನಮ್ಮ ಊರಲ್ಲೇ ಕೊನೆವರೆಗೂ ಇದ್ರು. ಎಸ್. ಆರ್. ರಂಗನಾಥನ್. ಹುಟ್ಟಿದ್ದು 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ, ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದ್ರು. ಸೇರಿದ ಸ್ವಲ್ಪ ದಿನಕ್ಕೇ ಬೇಜಾರಾಗಿ, ಮಾತಾಡೋಕೂ ಜನ ಇಲ್ಲ, ನನಗೆ ಪಾಠ ಮಾಡೋ ಕೆಲಸನೇ ವಾಪಸ್ ಕೊಡಿ ಅಂತ ಹೋಗಿ ಕೇಳಿದ್ರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬಾ, ಆಮೇಲೂ ಬೇಡ ಅನ್ಸಿದ್ರೆ ನೋಡೋಣ ಅಂದ್ರು. ಅಲ್ಲಿ ಅವರು ಊರೂರಿನ ಲೈಬ್ರರಿ ಸುತ್ತಿದ್ರು, ಕೂಲಿಯವರು, ಮಕ್ಕಳು, ಮನೆ ಹೆಂಗಸರು ಎಲ್ಲಾ ಬಂದು ಪುಸ್ತಕ ತಗೊಂಡು ಹೋಗೋದನ್ನ ನೋಡಿದ್ರು, ವಾಪಸ್ ಬಂದ ಮೇಲೆ ಪಾಠದ ಕಡೆ ಹೋಗ್ಲೇ ಇಲ್ಲ. 1931ರಲ್ಲಿ ಅವರು ಕೊಟ್ಟ ಐದು ಸೂತ್ರ ಪ್ರಪಂಚದ ಎಲ್ಲಾ ಲೈಬ್ರರಿ ವಿದ್ಯಾರ್ಥಿಗಳೂ ಓದ್ತಾರೆ: ಪುಸ್ತಕ ಇರೋದು ಬಳಸೋಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಸಬೇಕು, ಲೈಬ್ರರಿ ಬೆಳೀತಾ ಹೋಗೋ ಜೀವ. ಮೊದಲ ಸೂತ್ರ ಓದಿದ್ರೆ ಇದನ್ನ ಹೇಳ್ಬೇಕಾ ಅನ್ಸತ್ತೆ, ಆದ್ರೆ ಹಳೇ ಕಾಲದಲ್ಲಿ ಯುರೋಪಲ್ಲಿ ಪುಸ್ತಕನ ಸರಪಳಿಯಲ್ಲಿ ಕಟ್ಟಿ ಇಡ್ತಿದ್ರು, ಅದನ್ನ ನೆನಪಿಸಿಯೇ ಅವರು ಆ ಸೂತ್ರ ವಿವರಿಸಿದ್ದು. ನನ್ನ ಸ್ಕೂಲಿನ ಗಾಜಿನ ಬೀರು ಆ ಸರಪಳಿಯ ಮೊಮ್ಮಗಳು ಅಂತ ನನಗೆ ಅನ್ಸತ್ತೆ. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದ್ರು, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಅನ್ನೋ ಲೈಬ್ರರಿ ತರಬೇತಿ ಕೇಂದ್ರ ಶುರು ಮಾಡಿದ್ರು, ಅದು ಈಗಲೂ ಮೈಸೂರು ರಸ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ಲೈಬ್ರರಿಯನ್ನುಗಳನ್ನ ತಯಾರು ಮಾಡ್ತಾ ಇದೆ. 1972ರಲ್ಲಿ ತೀರಿಕೊಂಡಿದ್ದೂ ಇಲ್ಲೇ. ಆಗಸ್ಟ್ 12ಕ್ಕೆ ದೇಶದಲ್ಲೆಲ್ಲಾ ಲೈಬ್ರರಿಯನ್ ದಿನ ಅಂತ ಆಚರಿಸೋದು ಅವರ ನೆನಪಿಗೆ.

ಇಷ್ಟೊತ್ತು ಕೌಂಟರಿನ ಒಳಗಿನ ಕಥೆ ಆಯ್ತು, ಈಗ ಹೊರಗೆ ನಿಂತವರದ್ದು. ಕಾನ್‌ಸ್ಟೆನ್ಸ್ ಮೆಲ್ಲನ್ ಅನ್ನೋ ಸಂಶೋಧಕಿ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಸುಮಾರು 6,000 ವಿದ್ಯಾರ್ಥಿಗಳು ಲೈಬ್ರರಿ ಬಗ್ಗೆ ಬರೆದ ಡೈರಿ, ಪ್ರಬಂಧಗಳನ್ನ ನೋಡಿ 1986ರಲ್ಲಿ ಒಂದು ಲೇಖನ ಪ್ರಕಟಿಸಿದ್ರು. ನೂರಕ್ಕೆ 75ರಿಂದ 85 ಜನ ಲೈಬ್ರರಿಯ ಮೊದಲ ಅನುಭವನ ಭಯದ ಮಾತಲ್ಲೇ ಬರೆದಿದ್ರು. ಅವರು ಅದಕ್ಕೆ ಲೈಬ್ರರಿ ಆಂಕ್ಸೈಟಿ ಅಂತ ಹೆಸರಿಟ್ರು, ಲೈಬ್ರರಿ ಅಳುಕು ಅನ್ನೋಣ. ಜಾಗ ದೊಡ್ಡದು, ಯಾವುದು ಎಲ್ಲಿದೆ ಗೊತ್ತಿಲ್ಲ, ಎಲ್ಲಿಂದ ಶುರು ಮಾಡ್ಬೇಕು ಗೊತ್ತಿಲ್ಲ. ಇವೆಲ್ಲಾ ಯಾರಾದ್ರೂ ಊಹಿಸೋ ಕಾರಣಗಳು. ಒಳಗಿನ ಕಾರಣ ಏನಂದ್ರೆ, ಬೇರೆ ಎಲ್ಲರಿಗೂ ಗೊತ್ತಿದೆ ನನಗೊಬ್ಬಳಿಗೇ ಗೊತ್ತಿಲ್ಲ ಅಂತ ಪ್ರತಿಯೊಬ್ಬರೂ ಅಂದ್ಕೊಂಡಿರ್ತಾರೆ, ಅದು ಅವಮಾನ ಅನ್ಸತ್ತೆ, ಕೇಳಿದ್ರೆ ಆ ಅವಮಾನ ಹೊರಗೆ ಬೀಳತ್ತೆ ಅಂತ ಕೇಳೋದೇ ಇಲ್ಲ. ಬೇರೆಯವರ ಚಪ್ಪಲಿ ನೋಡ್ತಾ ನಿಂತಿದ್ದ ಆ ಹುಡುಗಿ ಕಣ್ಮುಂದೆ ಬರ್ತಾಳೆ ನನಗೆ.

ಹಾಗಾಗಿ ಕೇಳೋಕೆ ಬಂದವರೂ ಪೂರ್ತಿ ಕೇಳಲ್ಲ. ರಾಬರ್ಟ್ ಟೇಲರ್ ಅನ್ನೋರು 1968ರಲ್ಲಿ ಇದನ್ನ ನಾಲ್ಕು ಹಂತ ಮಾಡಿ ವಿವರಿಸಿದ್ರು, ನಮ್ಮ ವೃತ್ತಿಯಲ್ಲಿ ನಾನು ಓದಿದ್ದರಲ್ಲಿ ಬಹಳ ಉಪಯೋಗಕ್ಕೆ ಬಂದಿದ್ದು ಇದೇ. ಒಂದು ಉದಾಹರಣೆಯಲ್ಲಿ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯ್ಸಿದ್ದೀನಿ. ಒಬ್ಬ ಹುಡುಗ ಬಂದು "ಲಾ ಬುಕ್ಸ್ ಎಲ್ಲಿವೆ ಮೇಡಂ" ಅಂದ. ನಮ್ಮದು ಲಾ ಕಾಲೇಜಲ್ಲ, ಅವನು ಓದ್ತಾ ಇರೋದು ಬಿಎಸ್ಸಿ. ಆ ಕಡೆ ಮೂರನೇ ರ‍್ಯಾಕ್ ಅಂತ ಕೈ ತೋರಿಸಿದ್ದಿದ್ರೆ ನನ್ನ ಕೆಲಸ ಮುಗೀತಿತ್ತು. ಬದಲಿಗೆ "ಬಾ ಹೋಗೋಣ" ಅಂತ ಜೊತೆಗೆ ನಡ್ಕೊಂಡು ಹೋದೆ, ಹೋಗ್ತಾ "ಯಾವ ಥರದ ವಿಷಯ ಸಿಕ್ಕಿದ್ರೆ ಅನುಕೂಲ ಆಗತ್ತೆ?" ಅಂದೆ. ಆಸ್ತಿ ಅಂದ. ಯಾವ ಆಸ್ತಿ? ಊರಲ್ಲಿ ಜಮೀನು. ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ, ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿದೆ, ಅಮ್ಮನಿಗೆ ಓದೋಕೆ ಬರಲ್ಲ, ಜಮೀನು ಅಮ್ಮನ ಹೆಸರಿಗೆ ಆಗಬೇಕು, ಯಾರ್ಯಾರೋ ಏನೇನೋ ಹೇಳಿ ದುಡ್ಡು ಕೇಳ್ತಾ ಇದ್ದಾರೆ. ಅವನಿಗೆ ಬೇಕಾಗಿದ್ದು ಪೌತಿ ಖಾತೆ ಹೇಗೆ ಮಾಡಿಸೋದು ಅನ್ನೋ ಮಾಹಿತಿ. ಲಾ ಬುಕ್ಸ್ ರ‍್ಯಾಕಲ್ಲಿ ಅದು ಸಿಗ್ತಾನೇ ಇರಲಿಲ್ಲ!

ಟೇಲರ್ ಹೇಳೋ ನಾಲ್ಕು ಹಂತ ಇದೇ. ಮೊದಲು ಒಳಗೆ ಹೆಸರಿಲ್ಲದ ಒಂದು ಸಂಕಟ ಇರತ್ತೆ, ಅಮ್ಮನಿಗೆ ಏನೋ ಅನ್ಯಾಯ ಆಗ್ತಾ ಇದೆ ಅನ್ನೋದು. ಆಮೇಲೆ ಅದು ಮನಸ್ಸಲ್ಲಿ ಮಸುಕಾಗಿ ಒಂದು ಆಕಾರಕ್ಕೆ ಬರತ್ತೆ, ಜಮೀನು ಕಾಗದ ಸರಿ ಆಗಬೇಕು ಅಂತ. ಮೂರನೇದು ಸರಿಯಾದ ಪ್ರಶ್ನೆ, ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಮಾಡಿಸೋದು ಹೇಗೆ? ನಾಲ್ಕನೇದು ಕೌಂಟರಲ್ಲಿ ನಿಂತು ನಿಜವಾಗಿ ಬಾಯಿಂದ ಬರೋದು, ಲಾ ಬುಕ್ಸ್ ಎಲ್ಲಿವೆ. ಲೈಬ್ರರಿಯಲ್ಲಿ ಏನು ಸಿಗಬಹುದು, ಈ ಮೇಡಮ್ಮಿಗೆ ಎಷ್ಟು ಹೇಳಬಹುದು ಅಂತ ತಾವೇ ಊಹೆ ಮಾಡ್ಕೊಂಡು ಪ್ರಶ್ನೆನ ಕತ್ತರಿಸಿ ಸಣ್ಣದು ಮಾಡಿ ತಂದಿರ್ತಾರೆ. ಲೈಬ್ರರಿಯನ್ ಕೆಲಸ ಅಂದ್ರೆ ನಾಲ್ಕನೇದರಿಂದ ಹಿಂದಕ್ಕೆ ನಡೆಸಿಕೊಂಡು ಹೋಗೋದು, ಮತ್ತೆ ಎಲ್ಲಿ ನಿಲ್ಲಿಸಬೇಕು ಅಂತ ತಿಳ್ಕೊಳ್ಳೋದು, ಯಾಕಂದ್ರೆ ಎಲ್ಲರೂ ಮೊದಲ ಹಂತದ ತನಕ ಹೇಳೋಕೆ ಇಷ್ಟ ಪಡಲ್ಲ, ಹೇಳಿಸೋ ಹಕ್ಕೂ ನಮಗಿಲ್ಲ.

ಹಿಂದಕ್ಕೆ ನಡೆಸೋದು ಹೇಗೆ ಅನ್ನೋದ್ರಲ್ಲಿ ಭಾಷೆ ಬಹಳ ಮುಖ್ಯ, ಇದನ್ನ ಇಂಗ್ಲಿಷ್ ಪಠ್ಯಪುಸ್ತಕ ನಮಗೆ ಹೇಳಿಕೊಡಲ್ಲ. ಕನ್ನಡದಲ್ಲಿ "ಯಾಕೆ ಬೇಕು?" ಅಂದ್ರೆ ಅದು ಪೊಲೀಸ್ ಸ್ಟೇಷನ್ ಪ್ರಶ್ನೆ, ಕಾರಣ ಕೊಟ್ಟು ತಾನು ತಪ್ಪಿಲ್ಲ ಅಂತ ತೋರಿಸ್ಬೇಕು ಅನ್ನೋ ಹಾಗಿರತ್ತೆ. "ಏನು?" ಅಂತ ಗದ್ದ ಎತ್ತಿ ಕೇಳಿದ್ರೆ ಮುಗೀತು, ಬಂದವರು "ಏನಿಲ್ಲ ಮೇಡಂ" ಅಂತ ಹೊರಟೇಹೋಗ್ತಾರೆ. ಅದನ್ನೇ "ಏನ್ ಹುಡುಕ್ತಾ ಇದ್ರಿ?", "ಏನ್ ಬೇಕಿತ್ತು, ಹೇಳಿ" ಅಂದ್ರೆ ಭುಜ ಸಡಿಲ ಆಗೋದು ಕಣ್ಣಿಗೆ ಕಾಣತ್ತೆ. "ನೀವು" ಅಂತ ಬಹುವಚನದಲ್ಲಿ ಮಾತಾಡ್ಸೋದೂ ಅಷ್ಟೇ. ನಮ್ಮ ಹುಡುಗರಿಗೆ ನಾನು ಹೋಗು ಬಾ ಅಂತೀನಿ, ಅವರಿಗೂ ಅದೇ ಇಷ್ಟ, ಆದ್ರೆ ಕಸ ಗುಡಿಸೋ ಅಕ್ಕನಿಗೆ, ಗೇಟಿನ ಸೆಕ್ಯೂರಿಟಿಯವರಿಗೆ ಏಕವಚನ, ಕಾರಲ್ಲಿ ಬಂದ ಪೇರೆಂಟ್ಸಿಗೆ ಬಹುವಚನ ಅಂದ್ರೆ ಅದನ್ನ ಅಲ್ಲಿ ಕೂತಿರೋ ಪ್ರತಿ ವಿದ್ಯಾರ್ಥಿನೂ ಗಮನಿಸ್ತಾ ಇರ್ತಾರೆ, ಇವರು ಯಾರಿಗೆ ಬೆಲೆ ಕೊಡ್ತಾರೆ ಯಾರಿಗೆ ಕೊಡಲ್ಲ ಅಂತ ಅಲ್ಲೇ ಲೆಕ್ಕ ಹಾಕ್ಕೊಂಡುಬಿಡ್ತಾರೆ. ಬೆಂಗಳೂರಲ್ಲಿ ಇನ್ನೊಂದು ತೊಡಕು ಇಂಗ್ಲಿಷ್. ಕನ್ನಡ ಮೀಡಿಯಮ್ಮಿಂದ ಬಂದವರು ಕೌಂಟರಿಗೆ ಬರೋಕೆ ಮುಂಚೆ ಇಂಗ್ಲಿಷಲ್ಲಿ ವಾಕ್ಯ ಜೋಡಿಸ್ಕೊಂಡು ಬರ್ತಾರೆ, ಅದು ಅರ್ಧಕ್ಕೆ ಮುರಿದು ಬೀಳತ್ತೆ. ಮೊದಲ ಮಾತು ನಾನೇ ಕನ್ನಡದಲ್ಲಿ ಆಡ್ತೀನಿ, ಕನ್ನಡ ಬರದವರು ಬೇರೆ ಭಾಷೆಗೆ ತಿರುಗ್ತಾರೆ, ನಾನೂ ತಿರುಗ್ತೀನಿ, ಯಾರಿಗೂ ನಷ್ಟ ಇಲ್ಲ.

ಕಂಪ್ಯೂಟರಲ್ಲಿ ಹುಡುಕೋಕೆ ಹೋದ್ರೂ ಇದೇ ಕಷ್ಟ. ಎಷ್ಟೋ ಕಡೆ ಕನ್ನಡ ಪುಸ್ತಕಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಏರಿಸಿರ್ತಾರೆ, ಅದೂ ಏರಿಸಿದವರ ಕೈಗೆ ಬಂದ ಸ್ಪೆಲ್ಲಿಂಗಲ್ಲಿ, ದೀರ್ಘ ಎಲ್ಲಿ ಒತ್ತಕ್ಷರ ಎಲ್ಲಿ ಅಂತ ಒಂದು ಕ್ರಮ ಇಲ್ಲ, ಕಾವ್ಯನಾಮ ಹೊಡೆದ್ರೆ ಬರಲ್ಲ ನಿಜವಾದ ಹೆಸರು ಹೊಡೆದ್ರೆ ಬರತ್ತೆ. ಪುಸ್ತಕ ರ‍್ಯಾಕಲ್ಲೇ ಇರತ್ತೆ, ಸ್ಕ್ರೀನಲ್ಲಿ ಇಲ್ಲ ಅಂತ ಬರತ್ತೆ, ಓದುಗರು ತನಗೇ ಹುಡುಕೋಕೆ ಬರಲ್ಲ ಅಂದ್ಕೊಂಡು ಹೋಗ್ತಾರೆ. ಕೋಹಾ ಅನ್ನೋ ಉಚಿತ ಸಾಫ್ಟ್‌ವೇರ್ ನ್ಯೂಜಿಲೆಂಡಲ್ಲಿ ಹುಟ್ಟಿದ್ದು, ನಮ್ಮಲ್ಲಿ ತುಂಬಾ ಲೈಬ್ರರಿಗಳು ಬಳಸ್ತವೆ, ಅದರಲ್ಲಿ ಕನ್ನಡ ಲಿಪಿಯಲ್ಲೇ ಏರಿಸೋಕೆ ಆಗತ್ತೆ. ನಮ್ಮ ಕನ್ನಡ ವಿಭಾಗನ ಎರಡು ರಜೆಯಲ್ಲಿ ನಾವು ಹಾಗೆ ಮತ್ತೆ ಏರಿಸಿದ್ವಿ. ಜನ ಸಲೀಸಾಗಿ ಬರೋ ಹಾಗೆ ಮಾಡೋದು ಅಂದ್ರೆ ಇದೂ ಹೌದು, ನಗು ಒಂದೇ ಅಲ್ಲ.

ನಿಲ್ಲೋ ಜಾಗದ ವಿಷಯಕ್ಕೆ ಬರ್ತೀನಿ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಲೈಬ್ರರಿಯನ್ನುಗಳು ಸೇರಿದ್ದಾಗ ವೂಸ್ಟರ್ ಅನ್ನೋ ಊರಿನ ಸ್ಯಾಮ್ಯುಯೆಲ್ ಗ್ರೀನ್ ಒಂದು ಭಾಷಣ ಮಾಡಿ, ಲೈಬ್ರರಿಯನ್ ಓದುಗರ ಜೊತೆ ಬೆರೀಬೇಕು, ಕೇಳೋಕೆ ಸಂಕೋಚ ಆಗದ ಹಾಗೆ ನಡ್ಕೋಬೇಕು ಅಂದಿದ್ರು. ಸುಮಾರು 150 ವರ್ಷದ ಹಿಂದಿನ ಮಾತು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ರೆಫರೆನ್ಸ್ ವಿಭಾಗ 1996ರಲ್ಲಿ ಇದನ್ನೇ ಬಿಡಿಸಿ ಮಾರ್ಗಸೂಚಿ ಮಾಡ್ತು, ಅದರಲ್ಲಿ ಮೊದಲನೇದೇ ಹತ್ತಿರ ಬರೋಕೆ ಆಗೋ ಹಾಗೆ ಇರೋದು, ಆಮೇಲೆ ಆಸಕ್ತಿ ತೋರಿಸೋದು, ಕೇಳಿಸಿಕೊಳ್ಳೋದು, ಹುಡುಕೋದು, ಕೊನೆಗೆ ಸಿಕ್ತಾ ಅಂತ ವಿಚಾರಿಸೋದು. ಮೊದಲನೇದಕ್ಕೆ ಅವರು ಹೇಳೋದು ಬಹಳ ಸರಳ: ಕಣ್ಣಿಗೆ ಕಾಣೋ ಜಾಗದಲ್ಲಿ ಇರಿ, ಯಾರಾದ್ರೂ ಬಂದ್ರೆ ಕೈಲಿರೋ ಕೆಲಸ ನಿಲ್ಲಿಸಿ, ಕಣ್ಣು ನೋಡಿ, ಮೊದಲು ನೀವೇ ಮಾತಾಡ್ಸಿ, ಹಿಂದೆ ಕಾಯ್ತಾ ಇರೋರಿಗೂ ನಾನು ನೋಡಿದೆ ಅಂತ ಗೊತ್ತಾಗಲಿ, ಆಗಾಗ ಎದ್ದು ಓಡಾಡಿ. ನಮ್ಮಲ್ಲಿ ಎದೆ ಎತ್ತರದ ಕೌಂಟರ್ ಇತ್ತು, ಕೂತ್ರೆ ನನ್ನ ತಲೆ ಮಾತ್ರ ಕಾಣ್ತಿತ್ತು. ಅದರ ಪಕ್ಕ ಒಂದು ಸಾಧಾರಣ ಟೇಬಲ್ ಹಾಕಿ ಎದುರಿಗೆ ಇನ್ನೊಂದು ಕುರ್ಚಿ ಇಟ್ವಿ. ಆ ಕುರ್ಚಿಯಿಂದ ಆದಷ್ಟು ಬದಲಾವಣೆ ಇನ್ಯಾವುದರಿಂದಲೂ ಆಗಿಲ್ಲ, ನಿಂತು ಕೇಳೋ ಪ್ರಶ್ನೆ ಒಂದು ಸಾಲು, ಕೂತು ಕೇಳೋ ಪ್ರಶ್ನೆ ಅದರ ಪೂರ್ತಿ ಕಥೆ. ದಿನಕ್ಕೆ ನಾಲ್ಕು ಸಲ ಪುಸ್ತಕ ಜೋಡಿಸೋ ನೆಪದಲ್ಲಿ ರ‍್ಯಾಕುಗಳ ಮಧ್ಯೆ ಓಡಾಡ್ತೀನಿ. ಟೇಬಲ್ಲಿಗೆ ಬಂದು ಕೇಳದ ಎಷ್ಟೋ ಜನ ಅಲ್ಲಿ ಪಕ್ಕದಲ್ಲಿ ಸಿಕ್ಕಾಗ ಕೇಳ್ತಾರೆ.

ಉತ್ತರ ಸರಿ ಇದ್ರೆ ಸಾಕಲ್ಲ, ಹೇಗೆ ಹೇಳಿದ್ರೇನು ಅಂತ ಕೇಳೋ ಸಹೋದ್ಯೋಗಿಗಳು ಇದ್ದಾರೆ. ಅವರಿಗೆ ನಾನು ಹೇಳೋದು ಇದು. ಯಾರು ಅಂತ ಹೇಳದೆ ಹೋಗಿ ಲೈಬ್ರರಿಯನ್ನುಗಳಿಗೆ ಪ್ರಶ್ನೆ ಕೇಳಿ ನೋಡಿದ ಅಮೆರಿಕದ ಅಧ್ಯಯನಗಳಲ್ಲಿ ಸರಿ ಉತ್ತರ ಬಂದಿದ್ದು ಸುಮಾರು 55 ಶೇಕಡಾ ಮಾತ್ರ, 1986ರಲ್ಲಿ ಹರ್ನನ್ ಮತ್ತು ಮ್ಯಾಕ್‌ಕ್ಲೂರ್ ಬರೆದ ಮೇಲೆ ಅದಕ್ಕೆ 55ರ ನಿಯಮ ಅಂತಲೇ ಹೆಸರಾಯ್ತು. ಆಮೇಲೆ 1989ರಲ್ಲಿ ಜೋನ್ ಡುರಾನ್ಸ್ ಅನ್ನೋ ಸಂಶೋಧಕಿ ಬೇರೆ ಪ್ರಶ್ನೆ ಕೇಳಿದ್ರು: ಇದೇ ಲೈಬ್ರರಿಯನ್ ಹತ್ರ ಇನ್ನೊಂದು ಸಲ ಹೋಗ್ತೀರಾ? ಉತ್ತರ ತಪ್ಪಾಗಿದ್ರೂ ಜನ ಕ್ಷಮಿಸಿದ್ರು. ಮುಜುಗರ ಮಾಡಿದವರನ್ನ, ಆಸಕ್ತಿ ತೋರಿಸದವರನ್ನ, ಇಷ್ಟೂ ಗೊತ್ತಿಲ್ವಾ ಅನ್ನೋ ಹಾಗೆ ನೋಡಿದವರನ್ನ ಅಷ್ಟು ಸುಲಭವಾಗಿ ಕ್ಷಮಿಸಲಿಲ್ಲ. ತಪ್ಪು ಉತ್ತರ ನಾಳೆ ಸರಿ ಮಾಡಬಹುದು, ವಾಪಸ್ಸೇ ಬರದವರಿಗೆ ಏನು ಮಾಡೋದು.

ಆದ್ರೆ ಮೌನದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಸ್ನೇಹದಿಂದ ಇರೋದು ಅಂದ್ರೆ ಗಲಾಟೆಗೆ ಬಿಡೋದು ಅಂತ ಕೆಲವರು ಅಂದ್ಕೊಳ್ತಾರೆ. ವಿಜಯನಗರ, ಹಂಪಿನಗರದ ಕಡೆ ಸಾರ್ವಜನಿಕ ಲೈಬ್ರರಿಗೆ ಬೆಳಗ್ಗೆ ಹೋಗಿ ನೋಡಿ, ಕೆಎಎಸ್, ಪಿಡಿಒ, ಎಫ್‌ಡಿಎ ಅಂತ ಓದ್ತಾ ಇರೋ ಹುಡುಗ ಹುಡುಗಿಯರು ಬಾಗಿಲು ತೆಗೆಯೋಕೆ ಮುಂಚೆನೇ ಜಾಗಕ್ಕೆ ಕಾಯ್ತಾ ಇರ್ತಾರೆ. ಪೀಜಿಯಲ್ಲಿ ಒಂದು ರೂಮಲ್ಲಿ ನಾಲ್ಕು ಜನ, ಒಬ್ಬರ ಫೋನು ಇನ್ನೊಬ್ಬರ ಅಡುಗೆ, ಅವರಿಗೆ ಈ ಊರಲ್ಲಿ ದುಡ್ಡಿಲ್ಲದೆ ಸಿಗೋ ನಿಶ್ಶಬ್ದ ಅದೊಂದೇ. ಅವರಿಗೋಸ್ಕರ ಶ್ ಅನ್ನೋದು ಸೇವೆನೇ. ಹಾಗಾಗಿ ಮಾತಿಗೆ ಒಂದು ಜಾಗ, ಓದೋಕೆ ಒಂದು ಜಾಗ ಅಂತ ಬೇರೆ ಮಾಡಿ, "ಮೌನವಾಗಿರಿ" ಅನ್ನೋ ಬೋರ್ಡ್ ಪಕ್ಕ "ಏನಾದ್ರೂ ಕೇಳಬೇಕಿದ್ರೆ ಈ ಟೇಬಲ್ ಹತ್ರ ಮಾತಾಡಿ" ಅಂತ ಇನ್ನೊಂದು ಬೋರ್ಡ್ ಹಾಕಿದ್ರೆ ಎರಡೂ ಕಡೆಯವರಿಗೆ ನೆಮ್ಮದಿ. ಇನ್ನೊಂದು ವಿಷಯ, ನಮ್ಮ ವೃತ್ತಿಯ ಹೆಂಗಸರು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳಲ್ಲ, ನಗು ನಗ್ತಾ ಮಾತಾಡ್ಸಿದ್ರೆ ಅದನ್ನ ಬೇರೆ ಅರ್ಥದಲ್ಲಿ ತಗೊಳ್ಳೋ ಗಂಡಸರೂ ಬರ್ತಾರೆ. ಒಬ್ಬಳೇ ಇರೋ ಶಾಖೆಯಲ್ಲಿ ಸಂಜೆ ಏಳು ಗಂಟೆಗೆ ಗಂಟು ಮುಖ ಹಾಕ್ಕೊಂಡಿರೋ ಲೈಬ್ರರಿಯನ್ ಹತ್ರ ನಗು ಕೇಳೋಕೆ ಮುಂಚೆ ಅಲ್ಲಿ ಎರಡನೇ ಮನುಷ್ಯರನ್ನ ನೇಮಿಸಬೇಕು.

ಓದುಗರಿಗೂ ಒಂದು ಹಕ್ಕಿನ ವಿಷಯ ಹೇಳ್ತೀನಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಕೆಳಗೆ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಹಾಕ್ತಾರೆ, ತೆರಿಗೆಯ 6 ಶೇಕಡಾ. 5,000 ರೂಪಾಯಿ ತೆರಿಗೆ ಬಂದ್ರೆ 300 ರೂಪಾಯಿ ಲೈಬ್ರರಿಗೆ. ಬಾಡಿಗೆಗೆ ಇದ್ರೂ ಮಾಲೀಕರು ಅದನ್ನ ನಿಮ್ಮ ಬಾಡಿಗೆಯಿಂದಲೇ ಕಟ್ಟೋದು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅದರಲ್ಲಿ ಇರೋದು ರಾಜ್ಯ ಕೇಂದ್ರ ಗ್ರಂಥಾಲಯ. ಇಷ್ಟು ವರ್ಷ ಅದರ ಮುಂದೆ ವಾಕಿಂಗ್ ಮಾಡಿ, ಅದನ್ನ ಹೈಕೋರ್ಟಿಗೆ ಸೇರಿದ್ದು ಅಂದ್ಕೊಂಡು ಒಳಗೆ ಹೋಗದೇ ಇದ್ದ ನಮ್ಮ ಪಕ್ಕದ ಮನೆ ಅಂಕಲ್‌ನ ಒಂದು ಭಾನುವಾರ ನಾನೇ ಕರ್ಕೊಂಡು ಹೋಗಿದ್ದೆ. ಈಗ ಅವರೇ ಬೇರೆಯವರನ್ನ ಕರ್ಕೊಂಡು ಹೋಗ್ತಾರೆ.

ಇನ್ನು ಯಾವುದೇ ಲೈಬ್ರರಿಗೆ ಹೋದಾಗ ಹೇಗೆ ಕೇಳೋದು ಅಂತ. ಪುಸ್ತಕದ ಹೆಸರು ಗೊತ್ತಿರಬೇಕು ಅಂತ ಇಲ್ಲ. ಏನು ಮಾಡೋಕೆ ಹೊರಟಿದ್ದೀರ, ಅಷ್ಟು ಹೇಳಿ: ಮಗಳಿಗೆ ಭಾಷಣ ಬರೆದು ಕೊಡ್ಬೇಕು, ಅಜ್ಜಿಗೆ ದೊಡ್ಡ ಅಕ್ಷರದ ಪುಸ್ತಕ ಬೇಕು, ತಾರಸಿಯಲ್ಲಿ ತರಕಾರಿ ಹಾಕ್ಬೇಕು. ಹೇಳೋಕೆ ಮುಜುಗರ ಆಗೋ ವಿಷಯ ಆದ್ರೆ ಚೀಟಿಯಲ್ಲಿ ಬರೆದು ಕೊಡಿ, ನಾವು ಜೋರಾಗಿ ಓದಲ್ಲ. ನಾವು ತಲೆ ಎತ್ತದಿದ್ರೆ "ಮೇಡಂ, ಒಂದ್ ನಿಮಿಷ" ಅನ್ನಿ, ಕಾಯ್ತಾ ನಿಲ್ಬೇಡಿ. ಮೊದಲ ರ‍್ಯಾಕಲ್ಲಿ ಸಿಗದಿದ್ರೆ ಸಿಗ್ಲಿಲ್ಲ ಅಂತ ವಾಪಸ್ ಬಂದು ಹೇಳಿ, ಎರಡನೇ ಸಲ ಹುಡುಕುವಾಗಲೇ ಹೆಚ್ಚಿನ ಸಲ ಸಿಗೋದು. ಆ ಬಿಕಾಂ ಹುಡುಗಿಗೆ ಅವತ್ತು ನಾನು ಕುರ್ಚಿ ತೋರಿಸಿ "ಮಾತಾಡಬಹುದು, ಕೂತ್ಕೋ" ಅಂದೆ. ಅವಳಿಗೆ ಬೇಕಾಗಿದ್ದು ಕನ್ನಡದಲ್ಲಿ ಇರೋ ಅಕೌಂಟೆನ್ಸಿ ಪುಸ್ತಕ, ಎರಡು ಕಾಪಿ ಇದ್ವು, ಒಂದನ್ನ ತನ್ನ ರೂಮ್‌ಮೇಟಿಗೂ ಕೊಡ್ತೀರಾ ಅಂತ ಹೋಗ್ತಾ ಕೇಳಿದ್ಳು.